ಇಂಜೆಕ್ಷನ್ ಬಾಟಲಿಯ ಪೇಟೆಂಟೇ ಬೇರೆ, ಸೋಲಾರ್ ಪ್ಲೇಟಿನ ಪೇಟೆಂಟೇ ಬೇರೆ

ವಿಜಯಪುರದ ಸೋಲಾರ್ ಅಂಗಡಿಗಳಲ್ಲಿ ಈಗ ಒಂದೇ ಅಳತೆಯ, ಒಂದೇ ಬಣ್ಣದ, ವ್ಯಾಟೂ ಒಂದೇ ಇರುವ ಎರಡು ಪ್ಲೇಟು ಅಕ್ಕಪಕ್ಕ ನಿಂತಿರುತ್ತವೆ. ಒಂದಕ್ಕೆ ‘ಡಿಸಿಆರ್’ ಅಂತಾರೆ, ಇನ್ನೊಂದಕ್ಕೆ ‘ನಾನ್-ಡಿಸಿಆರ್’. ಡಿಸಿಆರ್ ತುಟ್ಟಿ. ಗಿರಾಕಿ ಕೇಳುವುದು ಸಹಜ: “ಎರಡೂ ಒಂದ ನಮೂನಿ ಅದಾವಲ್ರಿ, ರೇಟ್ ಯಾಕ ಬ್ಯಾರೆ?” ಇದೇ ಪ್ರಶ್ನೆಯನ್ನು ಇದೇ ಭಾಗದ ಜನ ಬೆಳಗಾವಿ, ಹುಬ್ಬಳ್ಳಿ, ಮಿರಜ, ಸೊಲ್ಲಾಪುರದ ಕ್ಯಾನ್ಸರ್ ಆಸ್ಪತ್ರೆಗಳ ಔಷಧ ಅಂಗಡಿ ಮುಂದೆಯೂ ಕೇಳುತ್ತಾರೆ. ಅಲ್ಲಿ ಎರಡು ಕಂಪನಿಯ ಎರಡು ಬಾಟಲಿ, ಒಳಗಿನ ಔಷಧದ ಹೆಸರು ಒಂದೇ, ಬಿಲ್ ಮಾತ್ರ ಬೇರೆ ಬೇರೆ. ಎರಡೂ ಕಡೆ ಬಹಳ ಸಲ ಸಿಗುವ ಉತ್ತರವೂ ಒಂದೇ: “ಅದಕ್ಕ ಪೇಟೆಂಟ್ ಐತ್ರಿ.”

ಔಷಧದ ಮಟ್ಟಿಗೆ ಆ ಉತ್ತರ ಅರ್ಧ ಸರಿ. ಸೋಲಾರಿನ ಮಟ್ಟಿಗೆ ಹೆಚ್ಚುಕಡಿಮೆ ತಪ್ಪು. ಭಾರತದಲ್ಲಿ ಎರಡಕ್ಕೂ ಇರುವುದು ಒಂದೇ ಕಾಯ್ದೆ, 1970ರ ಪೇಟೆಂಟ್ ಕಾಯ್ದೆ. ಎರಡಕ್ಕೂ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆದರೆ ಆ ಕಾಗದ ಕಾರ್ಖಾನೆಗೆ ಹೋದ ಮೇಲೆ ಮಾಡುವ ಕೆಲಸ ಎರಡು ಕಡೆ ಎರಡು ರೀತಿ. ಅದು ಗೊತ್ತಾಗದೆ ಬೆಲೆಯ ಲೆಕ್ಕವನ್ನೂ ಬಿಡಿಸಲಾಗದು, ಸರ್ಕಾರದ ನೀತಿಯ ಲೆಕ್ಕವನ್ನೂ ಬಿಡಿಸಲಾಗದು.

ಮೊದಲು ಬಾಟಲಿ. ಅದರೊಳಗಿನ ಔಷಧ ಒಂದು ಪ್ರತಿಕಾಯ.

ರೋಗಾಣುವನ್ನೋ ರೋಗ ತಂದ ಕಣವನ್ನೋ ಗುರುತಿಸಿ ಹಿಡಿದುಕೊಳ್ಳಲು ನಮ್ಮ ದೇಹವೇ ತಯಾರಿಸುವ ಪ್ರೋಟೀನು ಪ್ರತಿಕಾಯ. ಇಂಗ್ಲಿಷಿನ ವೈ ಅಕ್ಷರದ ಆಕಾರ. ಎರಡು ತುದಿಗಳಲ್ಲಿ ಹಿಡಿತದ ಜಾಗ. ಆ ತುದಿ ಯಾವುದಕ್ಕೆ ಹೊಂದುತ್ತದೋ ಅದನ್ನು ಮಾತ್ರ ಹಿಡಿಯುತ್ತದೆ, ಬೇರೆಯದನ್ನು ಮುಟ್ಟುವುದಿಲ್ಲ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ತೋರಿಸಿಕೊಟ್ಟರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಪೇಟೆಂಟ್ ಮಾತ್ರ ಬರಲಿಲ್ಲ, ಯಾಕೆಂದರೆ ಯಾರೂ ಹಾಕಲೇ ಇಲ್ಲ. ಇದರಿಂದ ತಕ್ಷಣಕ್ಕೆ ಆಗುವ ಉಪಯೋಗ ಕಾಣುತ್ತಿಲ್ಲ ಎಂದು ಬ್ರಿಟನ್ನಿನ ಸರ್ಕಾರಿ ಸಂಸ್ಥೆ ಕೈಬಿಟ್ಟಿತು. ಇಂದು ಜಗತ್ತಿನ ಅತಿ ಹೆಚ್ಚು ವಹಿವಾಟಿನ ಔಷಧಗಳಲ್ಲಿ ಹಲವು ಪ್ರತಿಕಾಯಗಳೇ. ಬುನಾದಿ ಯಾರದ್ದೂ ಅಲ್ಲದ ಆಸ್ತಿ, ಅದರ ಮೇಲೆ ಎದ್ದ ಒಂದೊಂದು ಅಂತಸ್ತಿಗೂ ಒಬ್ಬೊಬ್ಬ ಮಾಲೀಕ. ಇಲಿಯ ಪ್ರತಿಕಾಯವನ್ನು ಮನುಷ್ಯನ ದೇಹಕ್ಕೆ ಒಗ್ಗುವಂತೆ ಮಾಡಿದ ಗ್ರೆಗ್ ವಿಂಟರ್ ಅವರ ವಿಧಾನಕ್ಕೆ ಪೇಟೆಂಟ್ ಇತ್ತು. ಪ್ರತಿಕಾಯದ ಎರಡು ಸರಪಳಿಗಳನ್ನು ಒಂದೇ ಜೀವಕೋಶದಲ್ಲಿ ತಯಾರಿಸುವ ಜೆನೆಂಟೆಕ್ ಕಂಪನಿಯ ‘ಕ್ಯಾಬಿಲಿ’ ಪೇಟೆಂಟ್ ಅಂತೂ 1983ರ ಅರ್ಜಿಯಿಂದ ಹುಟ್ಟಿ, ಅಮೆರಿಕದ ಹಳೆಯ ಕಾನೂನಿನ ಒಂದು ಸಂದಿಯಲ್ಲಿ ನುಸುಳಿ 2018ರವರೆಗೆ ಬದುಕಿತ್ತು.

ನಮ್ಮ ಭಾಗದಲ್ಲಿ ಹೆಚ್ಚು ಜನರಿಗೆ ಗೊತ್ತಿರುವ ಪ್ರತಿಕಾಯ ಟ್ರಾಸ್ಟುಜುಮ್ಯಾಬ್. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಗಡ್ಡೆಯ ಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನು ವಿಪರೀತ ಇರುತ್ತದೆ. ಈ ಔಷಧ ಹಿಡಿಯುವುದು ಅದನ್ನು. 440 ಮಿಲಿಗ್ರಾಂನ ಬಾಟಲಿಯೊಳಗೆ ದ್ರವ ಇರುವುದಿಲ್ಲ, ಬಿಳಿ ಪುಡಿಯ ಬಿಲ್ಲೆ ಇರುತ್ತದೆ. ಜೊತೆಗೆ ಕೊಟ್ಟ ನೀರು ಹಾಕಿ, ಅಲುಗಾಡಿಸದೆ, ಮೆಲ್ಲಗೆ ತಿರುವುತ್ತ ಕರಗಿಸಬೇಕು. ಕುಲುಕಿದರೆ ನೊರೆ ಬಂದು ಪ್ರೋಟೀನು ಕೆಡುತ್ತದೆ. ಮೂರು ವಾರಕ್ಕೊಮ್ಮೆ ಕೊಡುವ ಲೆಕ್ಕದಲ್ಲಿ ಮೊದಲ ಡೋಸು ಕಿಲೋ ತೂಕಕ್ಕೆ 8 ಮಿಲಿಗ್ರಾಂ, ಆಮೇಲಿನವು 6. ಅಂದರೆ 60 ಕಿಲೋ ತೂಕದ ಹೆಣ್ಣುಮಗಳಿಗೆ ಮೊದಲ ಸಲ 480, ಮುಂದೆ ಪ್ರತಿ ಸಲ 360 ಮಿಲಿಗ್ರಾಂ, ಹೀಗೆ ಒಂದು ವರ್ಷ. 440ರ ಬಾಟಲಿಯಲ್ಲಿ 80 ಉಳಿಯಿತಲ್ಲ, ಅದನ್ನು 2ರಿಂದ 8 ಡಿಗ್ರಿ ಥಂಡಿಯಲ್ಲಿಟ್ಟರೆ 28 ದಿನ ಬಾಳುತ್ತದೆ. ಆಸ್ಪತ್ರೆಯ ಫ್ರಿಜ್‌ನಲ್ಲೇ ಇಟ್ಟರೆ ಸರಿ. ಇಂಡಿಗೋ ಸಿಂದಗಿಗೋ ಬಿಸಿಲಲ್ಲಿ ಬಸ್ಸಿನಲ್ಲಿ ಒಯ್ಯಬೇಕಾಗಿ ಬಂದರೆ ಥರ್ಮಾಕೋಲ್ ಡಬ್ಬಿ, ಬರ್ಫದ ಪಾಕೀಟು, ಮನೆಯಲ್ಲಿ ಕರೆಂಟ್ ಹೋಗದಿರಲಿ ಎಂಬ ಹರಕೆ.

ಈ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಭಾರತದಲ್ಲಿ ಆರಂಭದ ಬೆಲೆ ಬಾಟಲಿಗೆ ಲಕ್ಷ ರೂಪಾಯಿಗೂ ಮೇಲಿತ್ತು. 2012ರಲ್ಲಿ ಮೂಲ ಕಂಪನಿ ರೋಶ್ ತಾನೇ ಬೇರೆ ಹೆಸರಿನಲ್ಲಿ ಸುಮಾರು 75 ಸಾವಿರಕ್ಕೆ ಇಳಿಸಿತು. 2013ರ ಆರಂಭದಲ್ಲಿ, ಪೇಟೆಂಟ್ ಇದ್ದರೂ ಬೇರೆಯವರಿಗೆ ತಯಾರಿಸಲು ಬಿಡುವ ಕಡ್ಡಾಯ ಪರವಾನಗಿಯ ಮಾತು ಕೇಂದ್ರ ಆರೋಗ್ಯ ಇಲಾಖೆಯಲ್ಲಿ ಎದ್ದಿತು. ಅದೇ ವರ್ಷ ಆಗಸ್ಟ್‌ನಲ್ಲಿ ರೋಶ್ ಭಾರತದ ಪೇಟೆಂಟನ್ನೇ ಕೈಬಿಟ್ಟಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನ ‘ಕ್ಯಾನ್‌ಮ್ಯಾಬ್’ ಅನ್ನು 440 ಮಿಲಿಗ್ರಾಂಗೆ 57,500 ರೂಪಾಯಿಯಂತೆ ಮಾರುಕಟ್ಟೆಗೆ ಬಿಟ್ಟಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪೇಟೆಂಟ್ ಹೋಯಿತು, ಬೆಲೆ ಇಳಿದದ್ದು ಅಬ್ಬಬ್ಬಾ ಎಂದರೆ ಅರ್ಧ. ಸಾಮಾನ್ಯ ಗುಳಿಗೆಯಲ್ಲಿ ಹೀಗಾಗುವುದಿಲ್ಲ. 2012ರ ಮಾರ್ಚ್‌ನಲ್ಲಿ ಬೇಯರ್ ಕಂಪನಿಯ ಸೊರಾಫೆನಿಬ್ ಗುಳಿಗೆಗೆ ನ್ಯಾಟ್ಕೋ ಕಂಪನಿ ಕಡ್ಡಾಯ ಪರವಾನಗಿ ಪಡೆದಾಗ ತಿಂಗಳ ಖರ್ಚು ಸುಮಾರು 2.8 ಲಕ್ಷದಿಂದ 8,800 ರೂಪಾಯಿಗೆ ಬಿದ್ದಿತ್ತು. ಅದಕ್ಕೂ ಇದಕ್ಕೂ ಏಕಿಷ್ಟು ಅಂತರ?

ಗುಳಿಗೆಯೊಳಗಿನದು ಸಣ್ಣ ಅಣು. ನುರಿತ ರಸಾಯನಶಾಸ್ತ್ರಜ್ಞ ಪೇಟೆಂಟ್ ದಾಖಲೆ ಓದಿ, ಹಂತ ಹಂತವಾಗಿ ಅದನ್ನೇ ತಯಾರಿಸಬಲ್ಲ. ಪ್ರತಿಕಾಯ ಆ ಅಣುವಿಗಿಂತ ನೂರಾರು ಪಟ್ಟು ದೊಡ್ಡದು, ಅದನ್ನು ಪಾತ್ರೆಯಲ್ಲಿ ಕುದಿಸಿ ಮಾಡಲಾಗದು. ಚೀನಾದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದಿಂದ ಬಂದ ಕೋಶಗಳಿಗೆ ಜೀನು ಸೇರಿಸಿ, ಸಾವಿರಾರು ಲೀಟರಿನ ಉಕ್ಕಿನ ತೊಟ್ಟಿಗಳಲ್ಲಿ ವಾರಗಟ್ಟಲೆ ಬೆಳೆಸಬೇಕು. ಆ ಕೋಶ ಪ್ರೋಟೀನಿಗೆ ಅಂಟಿಸುವ ಸಕ್ಕರೆ ಸರಪಳಿ (ಮುಧೋಳ, ಜಮಖಂಡಿಯ ಸಕ್ಕರೆ ಅಲ್ಲ ಬಿಡಿ) ಸ್ವಲ್ಪ ಬದಲಾದರೂ ಔಷಧದ ಗುಣ ಬದಲಾಗಬಹುದು. ಪೇಟೆಂಟ್ ದಾಖಲೆಯಲ್ಲಿ ಪ್ರತಿಕಾಯದ ಅಮೈನೋ ಆಮ್ಲಗಳ ಸಾಲು ಇರುತ್ತದೆ. ಆದರೆ ಕಂಪನಿಯ ಥಂಡಿ ಉಗ್ರಾಣದಲ್ಲಿರುವ ಆ ಕೋಶ, ಅದಕ್ಕೆ ಯಾವ ದಿನ ಏನು ತಿನ್ನಿಸಬೇಕು, ಎಷ್ಟು ಆಮ್ಲಜನಕ ಬಿಡಬೇಕು ಎಂಬ ವಿವರ ಅಲ್ಲಿರುವುದಿಲ್ಲ. ಮೊಸರು ಮಾಡುವ ರೀತಿ ಬರೆದುಕೊಟ್ಟು ಹೆಪ್ಪು ಕೊಡದ ಹಾಗೆ.

ಹೆಪ್ಪನ್ನು ಮೊದಲಿನಿಂದ ತಾನೇ ಮಾಡಿಕೊಳ್ಳಬೇಕಾದ ಕಂಪನಿ ವರ್ಷಗಟ್ಟಲೆ ಕೆಲಸ ಮಾಡಬೇಕು. ಮಾಡಿದ ಮೇಲೂ ಅದು ‘ಅದೇ’ ಔಷಧ ಆಗುವುದಿಲ್ಲ, ‘ಅದರಂಥ’ ಔಷಧ ಆಗುತ್ತದೆ. ಬಯೋಸಿಮಿಲರ್ ಅನ್ನುವುದು ಇದಕ್ಕೇ. ಮೂಲ ಔಷಧದ ಜೊತೆ ಹೋಲಿಕೆ ಇದೆಯೆಂದು ಪ್ರಯೋಗಾಲಯದಲ್ಲೂ ರೋಗಿಗಳಲ್ಲೂ ತೋರಿಸಿಕೊಡಬೇಕು. ಭಾರತ ಇದಕ್ಕೆ 2012ರಲ್ಲಿ ಮಾರ್ಗಸೂಚಿ ತಂದು 2016ರಲ್ಲಿ ತಿದ್ದಿತು. ಪೇಟೆಂಟ್ ಬಿಟ್ಟುಕೊಟ್ಟಿದ್ದ ರೋಶ್ 2014ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋಗಿ ಬಯೋಕಾನ್ ಮೇಲೆ ಹಾಕಿದ ದಾವೆಯಲ್ಲಿ ಪೇಟೆಂಟಿನ ಮಾತೇ ಇರಲಿಲ್ಲ. ಅನುಮತಿ ಕೊಟ್ಟ ರೀತಿ ಸರಿಯೇ, ಲೇಬಲ್ಲಿನಲ್ಲಿ ಹೀಗೆ ಬರೆಯಬಹುದೇ ಎಂಬುದರ ಮೇಲೆಯೇ ಜಗಳ.

ಹಾಗೆಂದು ಔಷಧದಲ್ಲಿ ಪೇಟೆಂಟಿನ ಬಲ ಕಡಿಮೆ ಎಂದಲ್ಲ. ಕೀಲುವಾತಕ್ಕೆ ಕೊಡುವ ಅಡಾಲಿಮುಮ್ಯಾಬ್ ಕಥೆ ನೋಡಿ. ಅಮೆರಿಕದಲ್ಲಿ ಅದರ ಮುಖ್ಯ ಪೇಟೆಂಟ್ 2016ರಲ್ಲಿ ಮುಗಿಯಿತು. ಅಷ್ಟರಲ್ಲಿ ಕಂಪನಿ ಡೋಸಿಗೊಂದು, ದ್ರಾವಣಕ್ಕೊಂದು, ತಯಾರಿಕೆಯ ಒಂದೊಂದು ಹಂತಕ್ಕೊಂದು ಎಂದು ನೂರಕ್ಕೂ ಹೆಚ್ಚು ಪೇಟೆಂಟ್ ಬೇಲಿ ಹಾಕಿಟ್ಟಿತ್ತು. ಯುರೋಪಿಗೆ 2018ರ ಅಕ್ಟೋಬರ್‌ನಲ್ಲಿ ಬಂದ ಅಗ್ಗದ ಆವೃತ್ತಿ ಅಮೆರಿಕದ ರೋಗಿಗೆ ಸಿಕ್ಕಿದ್ದು 2023ರ ಜನವರಿಯಲ್ಲಿ. ಭಾರತದ ಕಾಯ್ದೆಯ 3(ಡಿ) ಕಲಂ ಇಂಥ ಬೇಲಿಗೆ ಒಂದಿಷ್ಟು ಅಡ್ಡಿ. ಗೊತ್ತಿರುವ ಪದಾರ್ಥದ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಗುಣ ಗಣನೀಯವಾಗಿ ಹೆಚ್ಚಬೇಕು ಎನ್ನುತ್ತದೆ ಅದು. 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಬೇಲಿಯನ್ನು ಎಷ್ಟು ಅಗಲ ಹಾಕಬಹುದು ಎಂಬುದು ಇನ್ನೊಂದು ತಕರಾರು. ಕೊಲೆಸ್ಟರಾಲ್ ಇಳಿಸುವ ಪ್ರತಿಕಾಯವೊಂದನ್ನು ಕಂಡುಹಿಡಿದ ಆಮ್ಜೆನ್ ಕಂಪನಿ 26 ಪ್ರತಿಕಾಯಗಳ ವಿವರ ಕೊಟ್ಟು, ‘ಪಿಸಿಎಸ್‌ಕೆ-9 ಎಂಬ ಪ್ರೋಟೀನಿನ ಇಂಥ ಜಾಗವನ್ನು ಹಿಡಿದು ಅದರ ಕೆಲಸ ತಡೆಯುವ ಪ್ರತಿಕಾಯಗಳೆಲ್ಲ ನಮ್ಮವೇ’ ಎಂದಿತು. ಹಾಗೆ ಹಿಡಿಯಬಲ್ಲವು ಲಕ್ಷಾಂತರ ಇರಬಹುದು. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಒಬ್ಬರೂ ಬಿಡದೆ ಒಪ್ಪಿ ಹೇಳಿದ್ದು: ಎಷ್ಟು ಕೇಳುತ್ತೀರೋ ಅಷ್ಟನ್ನೂ ಬೇರೆಯವರು ತಯಾರಿಸುವಂತೆ ತಿಳಿಸಿಕೊಡಬೇಕು, ಹುಡುಕಿ ನೋಡಿಕೊಳ್ಳಿ ಎಂದರೆ ಆಗದು. ನನ್ನ ದೃಷ್ಟಿಯಲ್ಲಿ ಕಳೆದ ಹತ್ತು ವರ್ಷದಲ್ಲಿ ಪ್ರತಿಕಾಯಗಳ ಕುರಿತು ಬಂದ ಅತ್ಯಂತ ಮುಖ್ಯ ತೀರ್ಪು ಇದು. ನಮ್ಮ ಕಾಯ್ದೆಯ 10(4)ನೇ ಕಲಮೂ ಆವಿಷ್ಕಾರವನ್ನು ಪೂರ್ತಿ ವಿವರಿಸಬೇಕು ಎನ್ನುತ್ತದೆ, ಬರೆದು ವಿವರಿಸಲಾಗದ ಜೈವಿಕ ವಸ್ತುವನ್ನು ಮಾನ್ಯ ಕೋಶಾಗಾರದಲ್ಲಿ ಠೇವಣಿ ಇಡಲು ಹೇಳುತ್ತದೆ. ಭಾರತದಲ್ಲಿ ಅಂಥ ಕೋಶಾಗಾರಗಳು ಚಂಡೀಗಢ ಮತ್ತು ಪುಣೆಯಲ್ಲಿವೆ. ಆದರೆ ಅಮೈನೋ ಆಮ್ಲಗಳ ಸಾಲು ಬರೆದುಕೊಟ್ಟರೆ ವಿವರಣೆ ಆಯಿತು ಎಂದು ಕಂಪನಿಗಳು ವಾದಿಸಬಲ್ಲವು. ಕಾರ್ಖಾನೆಯ ಹೆಪ್ಪು ಮಾತ್ರ ಒಳಗೇ ಉಳಿಯುತ್ತದೆ.

ಪ್ರತಿಕಾಯ ಎಂದರೆ ಕ್ಯಾನ್ಸರ್ ಮಾತ್ರವೇ ಎಂದುಕೊಳ್ಳಬೇಡಿ. ಹುಚ್ಚುನಾಯಿ ಕಚ್ಚಿ ಗಾಯ ಆಳವಾದಾಗ ಲಸಿಕೆಯ ಜೊತೆ ಗಾಯದೊಳಗೇ ಚುಚ್ಚುವ ಸೀರಂ ಕೂಡ ಪ್ರತಿಕಾಯಗಳ ಗುಂಪೇ, ಕುದುರೆಯದ್ದೋ ಮನುಷ್ಯರದ್ದೋ ರಕ್ತದಿಂದ ತೆಗೆದದ್ದು. ಅದರ ಬದಲಿಗೆ ಒಂದೇ ಬಗೆಯ ಪ್ರತಿಕಾಯವನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. ಅದನ್ನು ಮೊದಲು ಕಂಡುಹಿಡಿದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಸ್ಥೆ. ಅವರ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿನ ರೋಗಿಗಳಲ್ಲೇ ಪರೀಕ್ಷೆ ನಡೆಸಿ ಅದನ್ನು ತಂದರು. ಹೆಪ್ಪು ಸಮೇತ ಕೈ ಸೇರಿದ್ದರಿಂದ ಆದ ಕೆಲಸ ಅದು. ಒಂದು ಕಾಲದಲ್ಲಿ ಇಡೀ ಮುಂಬೈ ಪ್ರಾಂತ್ಯಕ್ಕೆ ಸಿಡುಬಿನ ಲಸಿಕೆ ಕಳಿಸುತ್ತಿದ್ದ ಬೆಳಗಾವಿಯ ಟಿಳಕವಾಡಿಯ ಜಾಗ ಇವತ್ತು ವ್ಯಾಕ್ಸಿನ್ ಡಿಪೋ ಮೈದಾನ ಎಂದು ಸಭೆ–ಮೇಳಗಳಿಗೆ ಹೆಸರಾಗಿದೆ. ಇರಲಿ.

ಈಗ ಪ್ಲೇಟಿಗೆ ಬರೋಣ.

ಸಿಲಿಕಾನಿನ ಮೊದಲ ಉಪಯುಕ್ತ ಸೌರಕೋಶವನ್ನು ಬೆಲ್ ಪ್ರಯೋಗಾಲಯ 1954ರ ಏಪ್ರಿಲ್‌ನಲ್ಲಿ ತೋರಿಸಿತು. ಬಿದ್ದ ಬಿಸಿಲಿನಲ್ಲಿ ಶೇ 6ರಷ್ಟು ವಿದ್ಯುತ್ತಾಗುತ್ತಿತ್ತು. ಪೇಟೆಂಟ್ ಸಿಕ್ಕಿದ್ದು 1957ರಲ್ಲಿ. ಆ ಪೇಟೆಂಟಿನ ಆಯುಷ್ಯ ಮುಗಿಯುವ ಹೊತ್ತಿಗೆ ಸೌರಕೋಶ ಉಪಗ್ರಹಗಳ ಮೇಲಿತ್ತೇ ಹೊರತು ಸಾಮಾನ್ಯರ ಮಾಳಿಗೆಯ ಮೇಲೆ ಬಂದಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಇದೇ ಚಾಳಿ: ತಂತ್ರ ಹುಟ್ಟುವುದು ಒಂದು ಕಡೆ, ದುಡ್ಡಾಗುವುದು ಇನ್ನೊಂದು ಕಡೆ, ಅದೂ ಪೇಟೆಂಟ್ ಮುಗಿಯುವ ಹೊತ್ತಿಗೆ. ಕೋಶದ ಹಿಂಬದಿಗೆ ಪದರ ಕೊಟ್ಟು ನಷ್ಟ ತಡೆಯುವ ‘ಪರ್ಕ್’ ತಂತ್ರವನ್ನು ಆಸ್ಟ್ರೇಲಿಯಾದ ಮಾರ್ಟಿನ್ ಗ್ರೀನ್ ತಂಡ 1980ರ ದಶಕದಲ್ಲೇ ತೋರಿಸಿತ್ತು. ಕಾರ್ಖಾನೆಗಳು ಅದಕ್ಕೆ ಮೊರೆ ಹೋದದ್ದು ಕಾಲು ಶತಮಾನದ ಮೇಲೆ. ಜಪಾನಿನ ಸ್ಯಾನ್ಯೋ ಕಂಪನಿ ಕಾಪಾಡಿಕೊಂಡಿದ್ದ, ಎರಡು ಬಗೆಯ ಸಿಲಿಕಾನ್ ಪದರ ಸೇರಿಸಿ ಮಾಡುವ ಹೆಟೆರೊಜಂಕ್ಷನ್ ಕೋಶ, ಅದರ ಮೂಲ ಪೇಟೆಂಟ್ 2010ರ ಸುಮಾರಿಗೆ ಮುಗಿದ ಮೇಲೆ ಎಲ್ಲರ ಕೈಗೂ ಬಂತು. ಪೆರೊವ್‌ಸ್ಕೈಟ್ ಎಂಬ ಹೊಸ ಪದಾರ್ಥದ ಕೋಶವನ್ನು 2009ರಲ್ಲಿ ಮೊದಲು ಮಾಡಿ ತೋರಿಸಿದ ಜಪಾನಿನ ತ್ಸುತೊಮು ಮಿಯಾಸಾಕಾ, ಖರ್ಚು ಹೆಚ್ಚೆಂದು ಹೊರದೇಶಗಳಲ್ಲಿ ಪೇಟೆಂಟ್ ಹಾಕಲೇ ಇಲ್ಲ. ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಕಂಪನಿ ಅದನ್ನೇ ಮುಂದುವರಿಸಿ ಪೇಟೆಂಟ್ ಕೂಡಿಸಿಟ್ಟಿತು, 2025ರಲ್ಲಿ ಚೀನಾದ ಟ್ರಿನಾ ಕಂಪನಿಗೆ ಪರವಾನಗಿ ಕೊಟ್ಟಿತು.

ಇವತ್ತು ಅಂಗಡಿಯಲ್ಲಿ ಹೆಚ್ಚು ಕೇಳಿಬರುವ ಹೆಸರು ‘ಟಾಪ್‌ಕಾನ್’. ಕೋಶದ ಹಿಂಬದಿಯಲ್ಲಿ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ, ಅದರ ಮೇಲೊಂದು ಸಿಲಿಕಾನ್ ಪದರ. 2013ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಆ ಹೆಸರು ಕೊಟ್ಟಿತು. ಅದೇ ವರ್ಷ ಅಮೆರಿಕದ ಫಸ್ಟ್ ಸೋಲಾರ್, ಟೆಟ್ರಾಸನ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತ್ತು. ಆಗ ಸಿಕ್ಕ ಪೇಟೆಂಟ್‌ಗಳನ್ನು ಈಗ ಹೊರಗೆ ತೆಗೆದು ಟಾಪ್‌ಕಾನ್ ಮಾಡುವವರ ಮೇಲೆ ತಿರುಗಿಸಿದೆ. ಫಸ್ಟ್ ಸೋಲಾರ್ ಸ್ವತಃ ಮಾರುವುದು ಕ್ಯಾಡ್ಮಿಯಂ ಟೆಲ್ಯುರೈಡಿನ ತೆಳುಪದರದ ಪ್ಲೇಟು ಎಂಬುದು ಗಮನಕ್ಕಿರಲಿ. ತಾನು ಬಳಸದ ಪೇಟೆಂಟ್, ಎದುರಾಳಿಯ ಕಾಲಿಗೆ ಹಗ್ಗ. ಚೀನಾದ ಜಿಂಕೋ ಮತ್ತು ಲೋಂಗಿ ಕಂಪನಿಗಳು ಹಲವು ದೇಶಗಳ ಕೋರ್ಟುಗಳಲ್ಲಿ ಪರಸ್ಪರ ಕೇಸು ಹಾಕಿಕೊಂಡು, 2025ರಲ್ಲಿ ನಿನ್ನದು ನಾನು, ನನ್ನದು ನೀನು ಬಳಸೋಣ ಎಂದು ರಾಜಿಯಾದವು.

ಇಷ್ಟೆಲ್ಲ ಜಗಳದ ನಡುವೆ ಪ್ಲೇಟಿನ ಬೆಲೆ ಏರಿತೇ? 1970ರ ದಶಕದ ನಡುವೆ ಒಂದು ವ್ಯಾಟಿಗೆ ಸುಮಾರು 100 ಡಾಲರ್ ಇದ್ದದ್ದು ಈಗ ಚೀನಾದ ಕಾರ್ಖಾನೆ ಬಾಗಿಲಲ್ಲಿ ಹತ್ತು ಸೆಂಟಿನ ಆಸುಪಾಸು. ಬೆಲೆ ನಿರ್ಧರಿಸಿದ್ದು ಪೇಟೆಂಟ್ ಅಲ್ಲ, ಉತ್ಪಾದನೆಯ ಪ್ರಮಾಣ. ಒಂದು ಪ್ರತಿಕಾಯಕ್ಕೆ ಬದಲಿ ಇರುವುದಿಲ್ಲ: ಹರ್-2 ಗಡ್ಡೆ ಇದ್ದವರಿಗೆ ಹರ್-2 ಹಿಡಿಯುವ ಔಷಧವೇ ಬೇಕು. ಕರೆಂಟಿಗೆ ಹಾಗಿಲ್ಲ. ಟಾಪ್‌ಕಾನ್ ತುಟ್ಟಿಯಾದರೆ ಪರ್ಕ್, ಅದೂ ಬೇಡವಾದರೆ ಕೂಡಗಿಯ ಕಲ್ಲಿದ್ದಲಿನ ಕರೆಂಟ್ ತಂತಿಯಲ್ಲಿ ಬರುತ್ತಲೇ ಇರುತ್ತದೆ. ಬದಲಿ ಇರುವ ಕಡೆ ಪೇಟೆಂಟಿಗೆ ಬೆಲೆ ಏರಿಸುವ ಬಲ ಇಲ್ಲ.

ತಂತ್ರಗಳ ನಡುವಿನ ನಿಜವಾದ ವ್ಯತ್ಯಾಸವನ್ನು ನಮ್ಮ ಬಿಸಿಲಿನಲ್ಲೇ ಅಳೆದು ನೋಡಬಹುದು. ಪ್ಲೇಟಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಬರೆದ ವ್ಯಾಟು ಕೋಶದ ಬಿಸಿ 25 ಡಿಗ್ರಿ ಇದ್ದಾಗಿನದು. ಏಪ್ರಿಲ್–ಮೇ ತಿಂಗಳ ವಿಜಯಪುರ, ಬಾಗಲಕೋಟೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿದಾಗ ಮಾಳಿಗೆ ಮೇಲಿನ ಕೋಶ 65 ಡಿಗ್ರಿ ಮುಟ್ಟುವುದು ಮಾಮೂಲು. ಅಂದರೆ 40 ಡಿಗ್ರಿ ಹೆಚ್ಚು. ಒಂದೊಂದು ಡಿಗ್ರಿಗೆ ಪರ್ಕ್ ಸುಮಾರು ಶೇ 0.35, ಟಾಪ್‌ಕಾನ್ 0.30, ಹೆಟೆರೊಜಂಕ್ಷನ್ 0.25ರಷ್ಟು ಕಳೆದುಕೊಳ್ಳುತ್ತವೆ. ಮೂರು ಕಿಲೋವ್ಯಾಟಿನ ಮೇಲೆ ಲೆಕ್ಕ ಹಾಕಿದರೆ ಪರ್ಕ್‌ನಲ್ಲಿ 420 ವ್ಯಾಟ್ ಹೋಗುತ್ತದೆ, ಟಾಪ್‌ಕಾನ್‌ನಲ್ಲಿ 360, ಹೆಟೆರೊಜಂಕ್ಷನ್‌ನಲ್ಲಿ 300. ಒಂದು ತಂತ್ರಕ್ಕೂ ಇನ್ನೊಂದಕ್ಕೂ ನಡುವೆ 60 ವ್ಯಾಟು, ಒಂದು ಸೀಲಿಂಗ್ ಫ್ಯಾನು. ಪ್ಲೇಟಿನ ಮೇಲೆ ಕುಳಿತ ಧೂಳು ಒರೆಸದೆ ಬಿಟ್ಟರೆ ಇದಕ್ಕಿಂತ ಹೆಚ್ಚು ಹೋಗುತ್ತದೆ.

ಹಾಗಾದರೆ ಡಿಸಿಆರ್ ತುಟ್ಟಿ ಯಾಕೆ? ಕೋಶವೂ ಪ್ಲೇಟೂ ಎರಡೂ ಭಾರತದಲ್ಲೇ ಆಗಿರಬೇಕು ಎಂಬ ಸರ್ಕಾರದ ಷರತ್ತೇ ಡಿಸಿಆರ್. ನಾನ್-ಡಿಸಿಆರ್ ಪ್ಲೇಟಿನಲ್ಲಿ ಸಾಮಾನ್ಯವಾಗಿ ಕೋಶ ಚೀನಾದ್ದು, ಗಾಜು–ಚೌಕಟ್ಟು ಜೋಡಿಸಿದ್ದು ಇಲ್ಲಿ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ ಸಿಗುವ 78,000 ರೂಪಾಯಿ ಸಹಾಯಧನ ಡಿಸಿಆರ್ ಹಾಕಿದವರಿಗೆ ಮಾತ್ರ. (ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಬರದ ಮನೆಯವರು ಹೆಸ್ಕಾಂ ಕಚೇರಿಗೆ ಹೋಗಿ ಸೋಲಾರ್ ಅರ್ಜಿ ಯಾಕೆ ಹಾಕಬೇಕು ಎಂಬುದು ಬೇರೆಯೇ ಚರ್ಚೆ.) ಇನ್ನು ಸರ್ಕಾರ ಒಪ್ಪಿದ ತಯಾರಕರ ಪಟ್ಟಿಯಲ್ಲಿರುವವರ ಕೋಶಗಳನ್ನೇ ಬಳಸಬೇಕು ಎಂಬ ನಿಯಮಕ್ಕೆ 2026ರ ಜೂನ್ 1ರ ಗಡುವು ಹಾಕಲಾಗಿತ್ತು. ಬೇಡಿಕೆ ಏರಿತು, ದೇಶದೊಳಗೆ ಕೋಶ ಮಾಡುವ ಕಾರ್ಖಾನೆಗಳು ಇನ್ನೂ ಸಾಕಷ್ಟಿಲ್ಲ. ಅಂಗಡಿಯ ಬೆಲೆ ವ್ಯತ್ಯಾಸದ ಕಾರಣ ಇಷ್ಟೇ. ಇದರಲ್ಲಿ ಪೇಟೆಂಟಿನ ರಾಯಧನದ ಪಾಲು ಹುಡುಕಿದರೂ ಸಿಗದು.

ಆದರೆ ಕೋಶ ಇಲ್ಲಿ ಆದರೂ ಅದರ ತಳದ ವೇಫರ್ (ಸಿಲಿಕಾನಿನ ತೆಳು ಹಾಳೆ), ಸಿಲಿಕಾನ್, ಕೋಶ ಮಾಡುವ ಯಂತ್ರ ಬಹುಪಾಲು ಚೀನಾದಿಂದಲೇ ಬರುತ್ತವೆ. ಯಂತ್ರ ಕೂರಿಸಲು ಬರಬೇಕಾದ ಚೀನೀ ತಂತ್ರಜ್ಞರ ವೀಸಾ ತಡವಾದಾಗ ನಮ್ಮ ಕಾರ್ಖಾನೆಗಳೇ ದಿಲ್ಲಿಗೆ ಮೊರೆ ಇಟ್ಟದ್ದುಂಟು. ಸೋಲಾರಿನ ಹೆಪ್ಪು ಇರುವುದು ಯಂತ್ರದಲ್ಲಿ, ಅದನ್ನು ನಡೆಸಬಲ್ಲ ಕೈಯಲ್ಲಿ. ಅದು ಯಾವ ಪೇಟೆಂಟ್ ಕಚೇರಿಯಲ್ಲೂ ದಾಖಲಾಗಿಲ್ಲ. ಹಾಗಾಗಿ ಔಷಧದಲ್ಲಿ ಸರ್ಕಾರದ ಕೈಯಲ್ಲಿರುವ ಕಡ್ಡಾಯ ಪರವಾನಗಿಯ ಅಸ್ತ್ರ ಸೋಲಾರಿನಲ್ಲಿ ನಿರುಪಯೋಗಿ. ಪ್ರತಿಕಾಯದಲ್ಲೂ ಅದರ ಬಲ ಅರ್ಧ: ಪರವಾನಗಿ ಸಿಕ್ಕ ದಿನ ಔಷಧ ತಯಾರಿಸುವ ಜೀವಕೋಶ ಸಿದ್ಧವಿರುವ ಕಂಪನಿ ಇಲ್ಲಿರಬೇಕು.

ಸರ್ಕಾರ ಸದ್ಯ ಹಿಡಿದಿರುವ ಸುಲಭದ ದಾರಿ ತೆರಿಗೆ. 2024ರ ಜುಲೈ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ತೆಗೆದರು. ಅವುಗಳಲ್ಲಿ ಡರ್ವಾಲುಮ್ಯಾಬ್ ಪ್ರತಿಕಾಯ, ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕ್ಯಾನ್ ಪ್ರತಿಕಾಯಕ್ಕೆ ಕಿಮೋ ಔಷಧ ಕಟ್ಟಿದ್ದು. 2025ರ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಗಳ ಜಿಎಸ್‌ಟಿ ಶೂನ್ಯವಾಯಿತು, ಅದೇ ದಿನ ಸೋಲಾರ್ ಪ್ಲೇಟಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಪ್ಲೇಟು ಕೊಳ್ಳುವವರಿಗೆ ರೂಪಾಯಿಗೆ ಆ ಏಳು ಪೈಸೆ ಕೈಗೆ ಸಿಗುವಂಥ ಲಾಭ. ಡೋಸಿಗೆ ಲಕ್ಷದ ಲೆಕ್ಕದಲ್ಲಿ ನಡೆಯುವ ಔಷಧದಲ್ಲಿ ಶೇ 12 ತೆರಿಗೆ ಹೋದರೂ ಮೂಲ ಬೆಲೆ ಹಾಗೇ ಇದೆ; ಅದು ಕರಗಬೇಕಾದರೆ ಎರಡನೇ, ಮೂರನೇ ತಯಾರಕ ಬರಲೇಬೇಕು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರೂ ಜಿಲ್ಲೆಗಳಿಗೆ ಇದರಲ್ಲಿ ಪಾಲು ಎಲ್ಲಿದೆ? ವಿಟಿಯು ಇರುವುದು ಬೆಳಗಾವಿಯಲ್ಲಿ. ಮೂರೂ ಕಡೆ ಎಂಜಿನಿಯರಿಂಗ್, ಮೆಡಿಕಲ್, ಫಾರ್ಮಸಿ ಕಾಲೇಜುಗಳಿವೆ. ಪ್ರವೇಶದ ಹಂಗಾಮು ಬಂತೆಂದರೆ ‘ನಮ್ಮಲ್ಲಿ ಇಷ್ಟು ಪೇಟೆಂಟ್’ ಎಂಬ ಫ್ಲೆಕ್ಸುಗಳು ಏಳುತ್ತವೆ. ನ್ಯಾಕ್ ಮಾನ್ಯತೆ, ಎನ್‌ಐಆರ್‌ಎಫ್ ರ್‍ಯಾಂಕು ಎರಡರಲ್ಲೂ ಪೇಟೆಂಟಿಗೆ ಅಂಕ ಇರುವುದರಿಂದ ಹುಟ್ಟಿದ ಉತ್ಸಾಹ ಇದು. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80 ರಿಯಾಯಿತಿಯೂ ಸಿಕ್ಕಿತು. ಅರ್ಜಿ ಹಾಕಲು 1,600 ರೂಪಾಯಿ ಸಾಕು. ದೇಶದಲ್ಲಿ 2023–24ರ ಒಂದೇ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ಮಂಜೂರಾದವು. ಫ್ಲೆಕ್ಸಿನಲ್ಲಿ ಬರೆಯುವ ಸಂಖ್ಯೆ ಬಹಳ ಸಲ ಮಂಜೂರಾದ ಪೇಟೆಂಟಿನದಲ್ಲ, ‘ಪಬ್ಲಿಷ್’ ಆದ ಅರ್ಜಿಯದು. ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿಯೇ ಪ್ರಕಟವಾಗುತ್ತದೆ, ಹೆಚ್ಚು ಶುಲ್ಕ ಕಟ್ಟಿದರೆ ಇನ್ನೂ ಬೇಗ. ಒಳಗೆ ಏನಿದೆ ಎಂದು ಆ ಹೊತ್ತಿಗೆ ಯಾವ ಪರೀಕ್ಷಕನೂ ನೋಡಿರುವುದಿಲ್ಲ.

ನೋಡಬೇಕಾದರೆ ಬೇರೆ ಅರ್ಜಿ, ಬೇರೆ ಶುಲ್ಕ. ಆ ಪರೀಕ್ಷೆಯ ಕೋರಿಕೆಗೆ ಮೊದಲು 48 ತಿಂಗಳ ಅವಕಾಶವಿತ್ತು, 2024ರ ನಿಯಮಗಳು ಅದನ್ನು 31ಕ್ಕೆ ಇಳಿಸಿವೆ. ಆ ಗಡುವು ಮೀರಿದರೆ ಅರ್ಜಿ ಹಿಂಪಡೆದಂತೆ. ಕೋರಿದ ಮೇಲೆ ಪರೀಕ್ಷಕ ಎತ್ತಿದ ಆಕ್ಷೇಪಣೆಗೆ ಆರು ತಿಂಗಳಲ್ಲಿ ಉತ್ತರಿಸದಿದ್ದರೆ ಕೈಬಿಟ್ಟಂತೆ. ಇದೆಲ್ಲ ಗುಟ್ಟಿನ ವಿಷಯವಲ್ಲ. ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಪ್ರತಿಯೊಂದರ ಸ್ಥಿತಿ ಇಲಾಖೆಯ ಹುಡುಕುತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮಗಳ ಅಡ್ಮಿಷನ್‌ಗೆ ಹೋದ ತಂದೆ ಅರ್ಜಿ ಸಂಖ್ಯೆ ಕೇಳಿ ಬರೆದುಕೊಂಡು ಮೊಬೈಲಿನಲ್ಲಿ ಹಾಕಿ ನೋಡಿದರೆ ಸಾಕು: ಮಂಜೂರಾಗಿದೆಯೋ, ಕೈಬಿಟ್ಟಿದ್ದಾರೋ, ಆಗಿದ್ದರೆ ಬೆಳಗಾವಿಯ ಯಾವ ಫೌಂಡ್ರಿಯೋ ಬಾಗಲಕೋಟೆಯ ಯಾವ ಕಾರ್ಖಾನೆಯೋ ಅದನ್ನು ಬಳಸುತ್ತಿದೆ ಎಂದು ಪ್ರಿನ್ಸಿಪಾಲರನ್ನೇ ಕೇಳಬಹುದು.